ಗೋಡೆಯಾಚೆಗೆ ಕೇಳಿದ ರೊಟ್ಟಿಯ ಸದ್ದು

ಯಾರೋ ಬಾಗಿಲು ಬಡಿದರು. ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ನಿಂತಿತು.

"ಮೆಲ್ಲಕ ತಟ್ಟಂದ್ರ ಕೇಳಲಿಲ್ಲ. ಮಂದಿ ಜಗಳಕ್ಕ ಬಂದ್ರು ನೋಡು!" ಅಪ್ಪ ಗೊಣಗಿದರು. 1966ರ ನವೆಂಬರ್ 20, ಭಾನುವಾರ. ನಾವು ಧಾರವಾಡದಿಂದ ಗುಜರಾತಿನ ವಡೋದರಾದ ಗೋರ್ವಾ ಬಡಾವಣೆಗೆ ಬಂದ ಒಂಬತ್ತನೆಯ ದಿನ.

ಬಂದವರು ಪಕ್ಕದ ಮನೆಯ ಕಾಠಿಯಾವಾಡದ ಅಜ್ಜಿ. "ಬಂದ್ ಕೇಮ್ ಕರ್ಯು, ಬೇನ್?" ಯಾಕೆ ನಿಲ್ಲಿಸಿದೆ ಎನ್ನುತ್ತಲೇ ಕೈ ತೊಳೆದು ಅವ್ವನ ಪಕ್ಕ ಕೂತರು. ಅವರ ಊರಲ್ಲೂ ಸಜ್ಜೆರೊಟ್ಟಿ ಕೈಯಲ್ಲೇ ತಟ್ಟುತ್ತಾರಂತೆ. ಲಟ್ಟಣಿಗೆ ಹಿಡಿಯುವ ಸೊಸೆಯ ಮನೆಯಲ್ಲಿ ಆ ಸದ್ದು ಕೇಳದೆ ಆರು ವರ್ಷವಾಗಿತ್ತಂತೆ. ಅವ್ವನ ತೆಳ್ಳನೆಯ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಬಂದು ನೋಡು" ಎಂದು ಸೊಸೆಯನ್ನೇ ಕೂಗಿ ಕರೆದರು.

ಅಂದಿನ ಡೈರಿಯಲ್ಲಿ ಬರೆದಿದ್ದೇನೆ: ಅವ್ವ ತಟ್ಟಿದ್ದು ಹದಿನೈದು, ಅಜ್ಜಿ ಒಂದು. ಅಂದಿನಿಂದ ನಮ್ಮ ರೊಟ್ಟಿಯ ಸದ್ದು ಬೀದಿಯ ತುದಿಗೂ ಕೇಳತೊಡಗಿತು.