ತವರೂ ಅದೇ, ಗಂಡನ ಮನೆಯೂ ಅದೇ

೧೯೭೯ರಲ್ಲಿ ನಾನು ಗುಡೂರು ಹತ್ತಿರದ ಒಂದು ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಹಳ್ಳಿಯ ಬಸುರಿ, ಬಾಣಂತಿಯರನ್ನು ನೋಡಿಕೊಳ್ಳುವ ಸರ್ಕಾರಿ ಕೆಲಸ. ಊರವರ ಬಾಯಲ್ಲಿ ನರ್ಸಬಾಯಿ.

ನೀಲವ್ವನಿಗೆ ಹದಿನೈದು ವರ್ಷ, ಎಂಟು ತಿಂಗಳ ಬಸುರಿ. ಸೋದರಮಾವನಿಗೇ ಕೊಟ್ಟಿದ್ದರು, ಹೀಗಾಗಿ ಅವಳ ಅತ್ತೆ ಎಂದರೆ ತಾಯಿಯ ತಾಯಿ, ಗಂಗವ್ವ. ಹನ್ನೊಂದು ಮಂದಿಯ ಮನೆಯಲ್ಲಿ ಹುಡುಗಿಗೆ ಒಂದು ಕೊಡ ಎತ್ತಲೂ ಬಿಡುತ್ತಿರಲಿಲ್ಲ. ಅಜ್ಜಿ ತಾನೇ ತಲೆ ಬಾಚಿ, ರೊಟ್ಟಿ ಮುರಿದು ಹಾಲಿಗೆ ಹಾಕಿ ತಿನ್ನಿಸುತ್ತಿದ್ದಳು. ಪುಣ್ಯವಂತೆ ಎಂದು ನಾನೂ ಅಂದುಕೊಂಡಿದ್ದೆ.

ಒಂದು ಸೋಮವಾರ ಹೋದಾಗ ಅವಳ ಮುಖ, ಕಾಲು ಬಾತಿದ್ದವು. ಬಿ.ಪಿ. ೧೫೦/೧೦೦. ಮೂತ್ರವನ್ನು ಟೆಸ್ಟ್ ಟ್ಯೂಬಿನಲ್ಲಿ ಕಾಯಿಸಿದರೆ ಬೆಳ್ಳಗೆ ಗಟ್ಟಿಯಾಯಿತು. ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿತ್ತು. ಹಾಗೇ ಬಿಟ್ಟರೆ ಫಿಟ್ಸ್ ಬಂದು ಜೀವಕ್ಕೇ ಅಪಾಯ. ಬಾಗಲಕೋಟೆಯ ದವಾಖಾನೆಗೆ ಒಯ್ಯಲೇಬೇಕು ಎಂದೆ.

"ನಾ ಏಳು ಹಡದೇನ್ರಿ, ಇದ ಮನ್ಯಾಗ. ನನ್ನ ಮೊಮ್ಮಗಳ್ನ ಕಂಡವರ ಕೈಯಾಗ ಕೊಡಾಂಗಿಲ್ಲ," ಎಂದಳು ಗಂಗವ್ವ.

ಗಂಡನನ್ನು ಕೇಳಿದೆ. "ಅವ್ವ ಹೇಳಿದಂಗರಿ," ಎಂದ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ನೀಲವ್ವನ ತಾಯಿಯನ್ನು ಕರೆಸಿದೆ. ಬಂದಳು. ಆದರೆ ಗಂಗವ್ವ ಅವಳಿಗೂ ಅವ್ವನೇ. ಮಗಳ ಬಾತ ಕಾಲು ಸವರುತ್ತ ಕೂತಳೇ ಹೊರತು ಅವ್ವನಿಗೆ ಎದುರಾಡಲಿಲ್ಲ. ಬೇರೆ ಮನೆಗೆ ಕೊಟ್ಟ ಹುಡುಗಿಗಾದರೆ ತವರಿನವರು ಬಂದು ಜಗಳ ತೆಗೆಯುತ್ತಾರೆ. ಇವಳಿಗೆ ಜಗಳ ತೆಗೆಯುವವರೇ ಇರಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಫಿಟ್ಸ್ ಬಂತು. ಗಾಳಿ ಸೋಕಿದೆ ಎಂದು ಮನೆಯವರು ಬೇವಿನ ಹೊಗೆ ಹಾಕಿದರು, ಲಿಂಬೆಹಣ್ಣು ಇಳಿಸಿದರು. ನನಗೆ ಹೇಳಿ ಕಳಿಸಿದ್ದು ಮಧ್ಯಾಹ್ನ. ಅಷ್ಟರಲ್ಲಿ ಮೂರು ಸಲ ಬಂದುಹೋಗಿತ್ತು. ನಾಲಗೆ ಕಚ್ಚಿ ಸೀಳಿತ್ತು. ಜೀಪು ತರಿಸಿ ಬಾಗಲಕೋಟೆಗೆ ಒಯ್ದೆವು. ಗಂಡು ಮಗು ಉಳಿಯಿತು. ನೀಲವ್ವನಿಗೆ ಎಚ್ಚರ ಬರಲೇ ಇಲ್ಲ, ಮರುದಿನ ತೀರಿಕೊಂಡಳು.

ಹದಿನೈದು ದಿನದ ಮೇಲೆ ಮಗುವಿನ ತೂಕ ನೋಡಲು ಹೋದೆ. ಗಂಗವ್ವ ಕೂಸನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದಳು. ಅದು ಸುಳ್ಳು ಅಳುವಲ್ಲ. ಕಣ್ಣೊರೆಸಿಕೊಂಡು, "ಸಾವಕ್ಕನ್ನ ತಗೋತೇವ್ರಿ. ಕೂಸಿಗೆ ತಾಯಿ ಬೇಕಲ್ರಿ," ಎಂದಳು. ಸಾವಕ್ಕ ನೀಲವ್ವನ ತಂಗಿ. ಹದಿಮೂರು ವರ್ಷ.

ಗುಳೇದಗುಡ್ಡಕ್ಕೆ ಹೋಗಿ, ಇವಳನ್ನಾದರೂ ಕೊಡಬೇಡ ಎಂದು ಹುಡುಗಿಯ ತಾಯಿಗೆ ಕೈಮುಗಿದು ಹೇಳಿದೆ. ಅವಳು ಮಗ್ಗ ನಿಲ್ಲಿಸಲಿಲ್ಲ. "ಅವ್ವನ ಮಾತ ಮೀರಿದ್ರ ನನಗ ಯಾರದಾರ್ರಿ ಬಾಯಾರ?"

ಮದುವೆಯಾಯಿತು. ಎರಡು ವರ್ಷದ ನಂತರ ಸಾವಕ್ಕನ ಹೆಸರನ್ನೂ ನಾನೇ ಬಸುರಿಯರ ರಿಜಿಸ್ಟರಿನಲ್ಲಿ ಬರೆದೆ. "ಹದಿನೆಂಟು ಅಂತ ಬರಕೋರಿ," ಎಂದಳು ಗಂಗವ್ವ. ನಾನು ಹದಿನೈದು ಎಂದು ಬರೆದೆ.

ಈ ಸಲ ಅಜ್ಜಿ ತಾನಾಗಿಯೇ ದವಾಖಾನೆಗೆ ಕರೆತಂದಳು. ಹೆರಿಗೆ ಸುಖವಾಗಿ ಆಯಿತು. ಬಾಣಂತಿಯ ಪಕ್ಕದಲ್ಲಿ ಕೂತು, ನಿಮ್ಮಜ್ಜಿಗೆ ಕೊನೆಗೂ ಬುದ್ಧಿ ಬಂತಲ್ಲ ಎಂದೆ.

ಸಾವಕ್ಕ ಗೋಡೆ ಕಡೆ ಹೊರಳಿದಳು. "ಹಂಗಲ್ರಿ ಬಾಯಾರ. ನಾ ಸತ್ರ ಕೊಡಾಕ ಇನ್ನೊಬ್ಬಾಕಿ ಇಲ್ಲಲ್ರಿ."

ಆಮೇಲೆ ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಆದರೆ ಮನೆ ತುಂಬ ಮಂದಿ ಇದ್ದಾರೆ, ಪ್ರೀತಿಯಿಂದ ನೋಡಿಕೊಳ್ಳುತ್ತಾರೆ ಎಂದು ಯಾವ ಬಸುರಿಯ ಮನೆಯಿಂದಲೂ ನಿಶ್ಚಿಂತೆಯಾಗಿ ಎದ್ದು ಬರಲಿಲ್ಲ. ಆ ಮಂದಿಯಲ್ಲಿ ಅವಳ ಪರವಾಗಿ ಒಂದು ಮಾತು ಎದುರಾಡುವವರು ಯಾರು ಎಂದು ಮೊದಲು ಕೇಳುತ್ತಿದ್ದೆ.