ಬಾವಿಯ ಹೆಣ್ಣಿನ ಪದ್ಯ ಹಾಡುತ್ತಿದ್ದ ಅಕ್ಕ

ಹೋದ ವಾರ ನೀವು ಮೊಮ್ಮಕ್ಕಳೆಲ್ಲ ಮೊಬೈಲಿನಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ ನೋಡುತ್ತಿದ್ದಿರಿ. ಬಾವಿಯ ಕಟ್ಟೆಯ ಮೇಲೆ ಒಂದು ಒದ್ದೆ ಕೈ ಏರಿ ಬಂದಾಗ ನಾನು ಎದ್ದು ಒಳಗೆ ಹೋದೆ. "ಆಯಿ ಅಂಜಿದ್ಳು" ಎಂದು ನಕ್ಕಿರಿ. ಅಂಜಿದ್ದು ನಿಜ. ಆದರೆ ಆ ಕೈಗಲ್ಲ.

ನಾನು ಮದುವೆಯಾಗಿ ಬನಹಟ್ಟಿಗೆ ಬಂದಾಗ ನಮ್ಮ ಗೋಡೆಗೆ ಹತ್ತಿಕೊಂಡೇ ಇನ್ನೊಂದು ನೇಕಾರರ ಮನೆಯಿತ್ತು. ಆ ಮನೆಯ ಸೊಸೆಯನ್ನು ಅಕ್ಕ ಎನ್ನುತ್ತಿದ್ದೆ. ನೀವು ನೋಡಿದ ಕಥೆ ಸಿನಿಮಾ ಆಗುವ ಮೊದಲು ಒಂದು ಉದ್ದನೆಯ ಪದ್ಯವಾಗಿತ್ತು. ಸಂತೆಯಲ್ಲಿ ಸಿಗುತ್ತಿದ್ದ ತೆಳ್ಳನೆಯ ಪುಸ್ತಕದಿಂದ ಅಕ್ಕ ಅದನ್ನು ಬಾಯಿಪಾಠ ಮಾಡಿ, ಮಗ್ಗದಲ್ಲಿ ಕೂತು ಹಾಡುತ್ತಿದ್ದಳು. ಗಂಡ ಹೆಂಡತಿಯ ಕುತ್ತಿಗೆ ಹಿಚುಕಿ ಬಾವಿಗೆ ಎಸೆಯುತ್ತಾನೆ. ಅವಳು ನೀರಿನಿಂದ ಎದ್ದು ಬಂದು, ಅವನ ಎದೆ ಸೀಳಿ ಕೆಳಗೆ ಎಳೆದೊಯ್ಯುತ್ತಾಳೆ. ನಾಲ್ಕು ಸಾಲಿಗೊಮ್ಮೆ ಅಕ್ಕ ಉಸಿರು ತೆಗೆದುಕೊಳ್ಳುವಳು, ಅಷ್ಟು ಹೊತ್ತು ಮಗ್ಗವೂ ಸುಮ್ಮನಾಗುವುದು. ಗೋಡೆಯ ಈಚೆ ನೂಲು ಸುತ್ತುತ್ತ ನಾನು ಕೇಳುತ್ತಿದ್ದೆ. ಅವಳ ತೋಳಿನ ಮೇಲೆ ಬಾಸುಂಡೆಗಳಿರುತ್ತಿದ್ದವು. ಏನಾಯಿತೆಂದು ಕೇಳುವ ಬಾಯಿ ನನಗಿರಲಿಲ್ಲ…

ಆ ಸಿನಿಮಾ ಬಂದಾಗ ಇಡೀ ಓಣಿ ಮಧ್ಯಾಹ್ನದ ಆಟಕ್ಕೆ ಹೋಯಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಡುವೆ ಗಿಡ್ಡ ಗೋಡೆ. ಕೊನೆಗೆ ಬಾವಿಯಿಂದ ಬಂದವಳು ದೆವ್ವವೇ ಅಲ್ಲ, ಹೆಂಡತಿ ಸತ್ತೇ ಇರಲಿಲ್ಲ ಎಂದು ತೋರಿಸಿದರು. ಬಂದವಳು ಗಂಡನ ಕಾಲಿಗೆ ಬಿದ್ದಳು.

ಅಕ್ಕ ಎದ್ದು ನಿಂತಳು. "ಸುಳ್ಳ! ಪದ್ಯಾ ಹಂಗಿಲ್ಲ. ಆಕಿ ಅವನ್ನ ಬಿಡೂದಿಲ್ಲ!"

"ಯಾಕಬೇ, ನಿನ್ನ ಗಂಡಗೂ ಬಾವಿ ತೋಡಿ ಇಟ್ಟಿಯೇನ?" ಎಂದು ಗಂಡಸರ ಕಡೆಯಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಅಕ್ಕನ ಗಂಡ ನಗಲಿಲ್ಲ.

ಮರುದಿನ ಅಮಾವಾಸ್ಯೆ. ನಮ್ಮಲ್ಲಿ ಅಂದು ಯಾರೂ ಮಗ್ಗ ಮುಟ್ಟುವುದಿಲ್ಲ. ಆದರೂ ಬೆಳಿಗ್ಗೆ ಗೋಡೆಯಾಚೆ ಮಗ್ಗ ನಡೆಯಿತು.

"ಸಿನಿಮಾ ನೋಡಿ ತಲಿ ತಿರಗೇತಿ ಆಕಿದು. ಅಮಾಸಿ ದಿನಾ ನೇಯಾಕತ್ತಾಳ ನೋಡ," ಎಂದರು ನಮ್ಮತ್ತೆ. ಓಣಿಯೂ ಅದನ್ನೇ ಅಂದಿತು.

ಆ ಸದ್ದಿನಲ್ಲಿ ಉಸಿರಿನ ಬಿಡುವಿರಲಿಲ್ಲ. ಅದು ಅಕ್ಕನ ಕೈಯಲ್ಲ. ನಾನು ರೊಟ್ಟಿ ಬಡಿಯುತ್ತಿದ್ದೆ. ಒಂದು ಬೆಂದಿತು. ಇನ್ನೊಂದು ಬೆಂದಿತು. ಮೂರನೆಯದು ಹೆಂಚಿನ ಮೇಲೆ ಸೀದುಹೋಯಿತು… ಆಮೇಲೆ ಓಣಿಗೆ ಓಡಿ ಕಿರುಚಿದೆ, "ಅಕ್ಕನ್ನ ಕೊಲ್ಲಾಕತ್ತಾರ, ಬರ್ರಿ!"

ಕದ ಮುರಿದಾಗ, ಚೀರಾಟ ಹೊರಗೆ ಕೇಳದಂತೆ ಮಗ್ಗ ನಡೆಸುತ್ತ ಕೂತಿದ್ದವಳು ಅಕ್ಕನ ಅತ್ತೆ. ನಮ್ಮನ್ನು ಕಂಡರೂ ಅವಳ ಕೈಕಾಲು ನಿಲ್ಲಲಿಲ್ಲ. ಮೂಲೆಯಲ್ಲಿ ಗಂಡ ಅಕ್ಕನ ಎದೆಯ ಮೇಲೆ ಮೊಳಕಾಲೂರಿ, ಕುತ್ತಿಗೆಗೆ ಹಗ್ಗ ಸುತ್ತಿ ಜಗ್ಗುತ್ತಿದ್ದ. ಅವಳ ಮೂಗು, ಬಾಯಿಯಿಂದ ರಕ್ತ ಹರಿಯುತ್ತಿತ್ತು. ಅವನ ಕೆನ್ನೆಯ ಚರ್ಮ ಅವಳ ಉಗುರಿನಲ್ಲಿತ್ತು. ನಾವು ನಾಲ್ವರು ಹೆಂಗಸರು ಅವನ ಕೂದಲು ಹಿಡಿದು ಎಳೆದು ಹಾಕಿದೆವು. ಒನಕೆಯಿಂದ ಅವನ ಕೈ ಮುರಿದವರು ನಮ್ಮತ್ತೆ.

ಅಕ್ಕ ಬದುಕಿದಳು, ದನಿ ಹೋಯಿತು. ತವರೂರು ರನ್ನ ಬೆಳಗಲಿಗೆ ಹೊರಟುಹೋದಳು. ಎಷ್ಟೋ ವರ್ಷಗಳ ಮೇಲೆ ಮುಧೋಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ನನ್ನ ಕೈ ಹಿಡಿದಳು. "ಕೇಳಿದ ಕೂಡ್ಲೆ ಓಡಿ ಬಂದಿ ತಂಗಿ. ಅದಕ್ಕ ಉಳದೆ," ಎಂದಳು. ಕಿವಿ ಹತ್ತಿರ ತಂದರಷ್ಟೇ ಕೇಳುವ ಮಾತು. ಅಷ್ಟರಲ್ಲಿ ನನ್ನ ಬಸ್ಸು ಬಂತು, ಹತ್ತಿಬಿಟ್ಟೆ.

ಈ ವರ್ಷ ಅಕ್ಕ ತೀರಿಕೊಂಡಳು. ಆ ಪದ್ಯ ಪೂರ್ತಿ ಬಲ್ಲವರು ಇನ್ನಾರೂ ನನಗೆ ಗೊತ್ತಿಲ್ಲ. ಆ ಅಮಾವಾಸ್ಯೆಯಂದು ಮಗ್ಗದ ಮೊದಲ ಸದ್ದಿಗೇ ನನಗೆ ತಿಳಿದಿತ್ತು, ತಿಳಿದೂ ಒಲೆಯ ಮುಂದೆ ಕೂತೇ ಇದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತಿದ್ದೇನೆ.