ಮಗ್ಗದ ಹುಡುಗಿಯ ಸರ್ವಿಸ್

ಸವಿತಾ, ನಿನ್ನ ಕೈಕಾಲಿಗೆ ಹೊಂದಾಣಿಕೆ ಇಲ್ಲ ಎಂದು ಜಮಖಂಡಿಯ ಮೈದಾನದಲ್ಲಿ ನಾನು ಹೇಳಿದ್ದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ನೀನಾಗ ಒಂಬತ್ತನೆಯ ತರಗತಿ. ನಾನು ರಬಕವಿಯ ನಿಮ್ಮ ಶಾಲೆಗೆ ಹೊಸದಾಗಿ ಬಂದ ಪಿ.ಟಿ. ಮಾಸ್ತರ — ಕೊರಳಲ್ಲಿ ಸೀಟಿ, ತಲೆಯಲ್ಲಿ ಗರ್ವ. ಶಾಲೆ ಬಿಟ್ಟೊಡನೆ ನೀನು ಅಪ್ಪನ ಕೈಮಗ್ಗಕ್ಕೆ ಕೂರುತ್ತಿದ್ದೆ. ಅಲ್ಲಿ ಕಾಲು ತುಳಿದ ಹೊತ್ತಿಗೆ ಕೈ ಲಾಳಿ ಓಡಿಸಬೇಕು. ಆ ಲಯ ನಿನ್ನ ಮೈಯಲ್ಲಿ ಇಳಿದಿತ್ತು. ವಾಲಿಬಾಲ್ ಸರ್ವಿಸ್ ಕೂಡ ಹಾಗೆಯೇ — ಎಡಗಾಲು ನೆಲಕ್ಕೆ ಒತ್ತಿ, ಬಲಗೈ ಕೆಳಗಿನಿಂದ ಬೀಸಿ. ನೋಡಲು ಚೆಂದವಿರಲಿಲ್ಲ. ಆದರೆ ಆಚೆ ಮೂಲೆಯಲ್ಲಿ ನನ್ನ ಟವೆಲ್ ಹಾಸಿದರೆ ಚೆಂಡು ಟವೆಲಿನ ಮೇಲೆಯೇ ಬೀಳುತ್ತಿತ್ತು.

ಮುಧೋಳದ ಪಂದ್ಯವನ್ನು ನೀನೊಬ್ಬಳೇ ಗೆಲ್ಲಿಸಿದೆ ಎನ್ನಬೇಕು. ಅಲ್ಲಿ ಬೇರೆ ಶಾಲೆಯ ಮಾಸ್ತರನೊಬ್ಬ, "ಏನಲೇ, ಹುಡುಗ್ಯಾರಿಗೆ ಆಟಾ ಕಲಸೀಯೋ, ಸೀರಿ ನೇಯೂದ ಕಲಸೀಯೋ?" ಎಂದ. ಎಲ್ಲರೂ ನಕ್ಕರು. ನನಗೆ ಗೆಲುವು ಮರೆತೇ ಹೋಯಿತು, ಆ ನಗು ಉಳಿಯಿತು.

ಜಮಖಂಡಿಯ ಆಯ್ಕೆಗೆ ಎರಡು ವಾರವಿತ್ತು. ಆಯ್ಕೆಯಾದರೆ ಕ್ರೀಡಾ ಹಾಸ್ಟೆಲು, ಊಟ, ಓದು. ಇಲ್ಲದಿದ್ದರೆ ಶಾಲೆ ಬಿಡಿಸುವುದಾಗಿ ನಿಮ್ಮಪ್ಪ ಹೇಳಿಯಾಗಿತ್ತು. ಇದೆಲ್ಲ ಗೊತ್ತಿದ್ದೂ ನಾನು ನಿನ್ನ ಸರ್ವಿಸ್ ಬದಲಿಸಿದೆ. ಚೆಂಡು ಮೇಲೆ ತೂರು, ತಲೆಯ ಮೇಲಿಂದ ಹೊಡೆ, ಮಗ್ಗದ ಚಾಳಿ ಬಿಡು ಎಂದು ದಿನಾ ಒದರಿದೆ. ಕೈ ಹೊಸದಕ್ಕೆ ಹೋದರೆ ಕಾಲು ಹಳೆಯದನ್ನೇ ಹುಡುಕುತ್ತಿತ್ತು. "ಸರ್, ಕೆಳಗಿಂದನ ಹೊಡೀಲೇನ್ರಿ?" ಎಂದು ನೀನು ಒಮ್ಮೆ ಕೇಳಿದೆ. ನಾನು ಸೀಟಿ ಊದಿದೆ.

ಆಯ್ಕೆಯ ದಿನ ಹತ್ತು ಸರ್ವಿಸ್ ಕೊಟ್ಟರು. ಎರಡು ದಾಟಿದವು, ಉಳಿದವೆಲ್ಲ ಬಲೆಗೆ. ನಿನ್ನನ್ನು ಮುಧೋಳದಲ್ಲಿ ನೋಡಿದ್ದ ಹಿರಿಯ ಆಯ್ಕೆಗಾರರೊಬ್ಬರು ನನ್ನನ್ನು ಕರೆದರು. "ಅವತ್ತ ಒಂದೂ ತಪ್ಪಿರಲಿಲ್ಲಲ್ರೀ ಮಾಸ್ತರ. ಏನಾತು ಹುಡುಗಿಗೆ?"

ನಾನೇ ಕೆಡಿಸಿದೆ, ಹಳೆಯ ಹಾಗೆ ಒಮ್ಮೆ ಹೊಡೆಯಲು ಬಿಡಿ — ಇಷ್ಟು ಹೇಳಿದ್ದರೆ... ನೀನು ನನ್ನ ಹಿಂದೆಯೇ ಚೆಂಡು ಹಿಡಿದು ನಿಂತಿದ್ದೆ.

"ಇಕೀ ಕೈಕಾಲಿಗೆ ಹೊಂದಿಕಿನ ಇಲ್ರಿ. ಅವತ್ತೇನೋ ನಸೀಬ ಛಲೋ ಇತ್ತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಲಿಸಲು ಬಾರದ ನಾನು ನಿನ್ನ ಮೈಯನ್ನೇ ಡೊಂಕು ಎಂದೆ. ವಾಪಸು ಬರುವಾಗ ಬಸ್ಸಿನಲ್ಲಿ ನೀನು ನಿನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದೆ. ಮಾಸ್ತರ ಹೇಳಿದ್ದನ್ನು ನೀನು ನಂಬಿಬಿಟ್ಟೆ. ಆ ವರ್ಷಕ್ಕೇ ನಿನ್ನ ಓದು ನಿಂತಿತು.

ಇಷ್ಟು ವರ್ಷಗಳ ಮೇಲೆ, ಹೋದ ವಾರ, ನೀನು ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದೆ. ಗುರುತು ಹಿಡಿದು ನಮಸ್ಕಾರ ಮಾಡಿದೆ. ಆಮೇಲೆ ನಗುತ್ತಲೇ, "ಇಕೀನ್ನ ಆಟಕ್ಕ ಹಾಕಬ್ಯಾಡ್ರಿ ಸರ್. ನನ್ನಂಗನ ಅದಾಳ, ಕೈಕಾಲು ಕೂಡಂಗಿಲ್ಲ. ಮಂದ್ಯಾಗ ನಗಿಪಾಟಲ ಆಗೂದು ಬ್ಯಾಡ" ಎಂದೆ. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಸರಿಸಿಕೊಂಡಳು.

ಆಗಲೂ ನಾನು "ಆತವಾ" ಎಂದೆ, ಅಷ್ಟೇ.

ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮಗಳ ಎದುರಿಗೇ ಹೇಳುತ್ತೇನೆ. ನೀನು ಕ್ಷಮಿಸಬೇಕಾಗಿಲ್ಲ, ಸವಿತಾ. ಅವಳು ಕೇಳಿಸಿಕೊಂಡರೆ ಸಾಕು.